ಗಟ್ಟಿ ಅಂಗಾಲಿನ ಮನೆತನ

ಚಾಮರಾಜನಗರ
11 ಜೂನ್ 2023

ಶಿವಶಂಕರಣ್ಣ,

ಫೋನು ಮಾಡಿದರೆ ಅರ್ಧಕ್ಕೇ ಇಟ್ಟುಬಿಡುತ್ತೀಯ. ಕಾಗದವಾದರೆ ಮನೆಯಲ್ಲೇ ಬಿದ್ದಿರುತ್ತೆ, ಕೋಪ ಇಳಿದ ಮೇಲಾದರೂ ಕೈಗೆ ತಗೋತೀಯ ಅನ್ನೋ ಆಸೆಯಿಂದ ಬರೆಯುತ್ತಿದ್ದೇನೆ. ಅವತ್ತು ಫೋನಿನಲ್ಲಿ ಹೇಳೋಕೆ ಹೊರಟಿದ್ದು ಇದು.

ಹೋದ ತಿಂಗಳು ನನ್ನ ಅಂಗಾಲು ಮತ್ತೆ ಬಿರಿದುಕೊಂಡಿತು. ಹೊಲಿಗೆ ಮಿಷನ್ನು ತುಳಿಯುವಾಗ ರಕ್ತ ಬಂದು ಪೆಡಲ್ಲಿಗೆಲ್ಲ ಅಂಟಿತು. ಮದುವೆ ಸೀಸನ್ನು, ಬ್ಲೌಸುಗಳು ರಾಶಿ ಬಿದ್ದಿವೆ, ಕೂತರೆ ಆಗಲ್ಲ ಅಂತ ಚರ್ಮದ ಡಾಕ್ಟರ ಹತ್ತಿರ ಹೋದೆ. ಡಾ. ಭಾನು ಅಂತ, ಹೊಸಬರು, ನನ್ನ ಮಗ ರೇವಂತನಿಗಿಂತ ಎಂಟ್ಹತ್ತು ವರ್ಷ ದೊಡ್ಡವರಿರಬಹುದು. ಎರಡೂ ಪಾದ ಹಿಡಿದು ತಿರುಗಿಸಿ ನೋಡಿದರು. ಅಂಗೈ ನೋಡಿದರು.

"ಯಾವಾಗಿಂದ ಹೀಗಿದೆ?"

"ಚಿಕ್ಕವಳಿದ್ದಾಗಿಂದ. ನಮ್ಮನೇಲಿ ಸುಮಾರು ಜನಕ್ಕೆ ಹಿಂಗೇ. ನಮ್ಮಣ್ಣಂದು ಇನ್ನೂ ಗಟ್ಟಿ."

ಪಾದ ಕೆಳಗಿಳಿಸಿ ಕೇಳಿದರು: "ನಿಮ್ಮನೇಲಿ ಯಾರಾದ್ರೂ ಊಟ ನುಂಗಕ್ಕಾಗದೆ ತೀರಿಕೊಂಡಿದಾರಾ?"

ಅಣ್ಣ, ನಾನು ಅಪ್ಪನ ವಿಷಯ ಬಾಯಿ ಬಿಟ್ಟಿರಲಿಲ್ಲ. ಪಾದ ತೋರಿಸೋಕೆ ಹೋದವಳು. ಅಪ್ಪ, ದೊಡ್ಡಪ್ಪ, ಅಪ್ಪನ ಅವ್ವ, ಮೂವರೂ ಹಾಗೇ ಹೋದದ್ದು. ಮೊದಲು ಮುದ್ದೆ ಇಳಿಯಲ್ಲ, ಆಮೇಲೆ ಅನ್ನ ಇಳಿಯಲ್ಲ, ಕೊನೆಗೆ ನೀರೂ ಇಳಿಯಲ್ಲ. ಹೇಳಿದೆ. ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತು ಹೇಳಿದರು: ಅಪರೂಪಕ್ಕೆ ಕೆಲವು ಮನೆತನಗಳಲ್ಲಿ ಪಾದದ ಈ ಗಟ್ಟಿತನ, ಅನ್ನನಾಳದ ಕ್ಯಾನ್ಸರು, ಎರಡೂ ಒಂದೇ ಬೇರಿನಿಂದ ಬರುತ್ತವಂತೆ. ರಕ್ತ ಪರೀಕ್ಷೆ ಮಾಡಿಸಬೇಕು, ಪಾದ ಹೀಗಿರುವವರೆಲ್ಲ ವರ್ಷಕ್ಕೊಂದು ಸಾರಿ ಎಂಡೋಸ್ಕೋಪಿ ಮಾಡಿಸಿ ಅನ್ನನಾಳದ ಒಳಗೆ ನೋಡಿಸಿಕೊಳ್ಳಬೇಕು ಅಂದರು.

ನಾನು ಮಾಡಿಸುತ್ತೇನೆ. ನೀನೂ ಬಾ. ನಿನ್ನ ಮಗಳು ಕಾವ್ಯಶ್ರೀಯನ್ನೂ ಕರೆದುಕೊಂಡು ಬಾ. ಅವಳ ಹಿಮ್ಮಡಿ ನೋಡಿದ್ದೀಯಲ್ಲ.

ಅತ್ತಿಗೆಗೆ ಕೇಳಿದೆ ಅಂತ ಹೇಳು.

ಸುಧಾಮಣಿ


ಗುಂಡ್ಲುಪೇಟೆ
19 ಜೂನ್ 2023

ಸುಧಾ,

ನಿನ್ ಕಾಗ್ದ ಬಂತು. ನಂಗೆ ನಿನ್ನಂಗೆ ಬರಿಯಕ್ಕೆ ಬರಲ್ಲ, ಮಾತಾಡ್ದಂಗೇ ಬರ್ದಿದೀನಿ, ಓದ್ಕೊ.

ಅಪ್ಪ ಹೋಗಿದ್ದು ಹೊಗೆಸೊಪ್ಪಿಂದ. ಎದ್ದಾಗಿಂದ ಮಲಗೋಗಂಟ ಬಾಯಲ್ಲಿ ಎಲೆಅಡಿಕೆ ಹೊಗೆಸೊಪ್ಪು ಇರೋದು, ನೀನೂ ನೋಡಿದೀಯ. ದೊಡ್ಡಪ್ಪನೂ ಅಂಗೇಯ. ಅಜ್ಜಿ ವಯಸ್ಸಾಗಿ ಹೋದ್ಲು. ಇದ್ರಲ್ಲಿ ಬೇರು ಎಲ್ಲಿಂದ ಬಂತು?

ಇನ್ನ ಪಾದದ ಮಾತು. ನಮ್ಮಪ್ಪ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡ್ಕಂಡ್ ಹೋಗಿ ಬರೋನು, ಒಂದ್ ಮುಳ್ಳು ಚುಚ್ತಿರಲಿಲ್ಲ. ನಮ್ ತಾತ ಶಾಂತಮಲ್ಲಪ್ಪನ ಮಕ್ಕಳು ಅಂದ್ರೆ ಗಟ್ಟಿ ಅಂಗಾಲಿನೋರು ಅಂತ ಸುತ್ತ ಊರಲ್ಲಿ ಹೆಸ್ರು. ಅದು ಗೇಯ್ದು ಸಂಪಾದ್ಸಿದ್ದು ಕಣಮ್ಮಿ. ಅದ್ನ ಕಾಯಿಲೆ ಅಂತೀಯಲ್ಲ, ನಿನ್ ಬಾಯಿಗೆ ಹೆಂಗ್ ಬಂತು?

ಇದ್ನ ಕೇಳು. ಕಾವ್ಯಂಗೆ ಸಂತೆಮರಹಳ್ಳಿಯಿಂದ ಸಂಬಂಧ ಬಂದದೆ. ಹುಡುಗನ ಹೆಸ್ರು ದಿಲೀಪ್, ಗೊಬ್ಬರದ ಅಂಗಡಿ ಇಟ್ಟವ್ನೆ, ಅವರಪ್ಪ ಪುಟ್ಟಮಲ್ಲಪ್ಪನೋರು ಒಳ್ಳೆ ಜನ. ಈ ಟೈಮಲ್ಲಿ ನಮ್ ಮನೇಲಿ ತಲೆತಲಾಂತರದ ಕಾಯಿಲೆ ಅದೆ ಅಂತ ಒಂದ್ ಮಾತು ಹೊರಗ್ ಹೋದ್ರೆ ಆ ಮಗೀಗೆ ಇನ್ ಯಾರೂ ಬರಲ್ಲ. ಯಾರ್ ಹತ್ರನೂ ಬಾಯಿ ಬುಡಬೇಡ. ಡಾಕ್ಟ್ರಿಗೂ ನಮ್ಮೆಸ್ರು ಹೇಳ್ಬೇಡ.

ಚೆಂಡುಹೂವು ಚೆನ್ನಾಗಿ ಎದ್ದದೆ. ನಂಗೆ ಪಿತ್ತ ಜಾಸ್ತಿ ಆಗದೆ, ನಿಮ್ಮತ್ತಿಗೆ ಗಂಜಿ ಕಾಯ್ಸಿ ಕೊಡ್ತಾವ್ಳೆ. ಅಷ್ಟೇಯ.

ಶಿವಶಂಕರ


ಚಾಮರಾಜನಗರ
24 ಜುಲೈ 2023

ಅಣ್ಣ,

ನಿನ್ನ ಕಾಗದ ಓದಿ ಒಂದು ವಾರ ಸಿಟ್ಟು ಮಾಡಿಕೊಂಡಿದ್ದೆ. ಮನೆತನದ ಹೆಸರಿನ ಮುಂದೆ ಮಗಳ ಜೀವವೂ ನಿನಗೆ ಕಾಣಿಸಲ್ಲವಲ್ಲ ಅಂತ.

ಆಮೇಲೆ ಚಂದಕವಾಡಿಗೆ ಹೋಗಿ ಚಿಕ್ಕಮಲ್ಲಮ್ಮತ್ತೆಯನ್ನು ಕೇಳಿದೆ. ಅಪ್ಪನ ಒಡಹುಟ್ಟಿದವರಲ್ಲಿ ಉಳಿದಿರೋಳು ಅವಳೊಬ್ಬಳೇ ಅಲ್ಲವಾ. ಅಜ್ಜಿ ವಯಸ್ಸಾಗಿ ಹೋದಳು ಅಂತ ಬರೆದಿದ್ದೆಯಲ್ಲ, ಅತ್ತೆ ಏನಂದಳು ಗೊತ್ತಾ? "ನಮ್ಮವ್ವ ಓದಾಗ ತಲೇಲಿ ಒಂದ್ ಬಿಳಿ ಕೂದ್ಲಿರ್ನಿಲ್ಲ ಕಣಮ್ಮಿ. ಎಲೆ ಅಡಿಕೆ ಮುಟ್ದೋಳಲ್ಲ. ಯಾರೋ ಮಾಟ ಮಾಡ್ಸವ್ರೆ ಅಂತ ಊರೋರೆಲ್ಲ ಅಂದ್ರು." ಮಾಟವಂತೆ. ಆ ಮಾತಿಗೆ ಅಕ್ಕಪಕ್ಕದ ಎಷ್ಟು ಮನೆಯವರ ಜೊತೆ ನಮ್ಮವರು ಮಾತು ಬಿಟ್ಟಿದ್ದರೋ.

ನನ್ನ ರಕ್ತದ ರಿಪೋರ್ಟು ಬಂತು. ಡಾ. ಭಾನು ಬಿಡಿಸಿ ಹೇಳಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ. ನಮ್ಮ ಮೈ ಹೇಗೆ ಬೆಳೆಯಬೇಕು ಅನ್ನೋದರ ಅಳತೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದಿರುತ್ತೆ. ಅದಕ್ಕೆ ಜೀನ್ ಅನ್ನುತ್ತಾರೆ. ಅಪ್ಪನಿಂದ ಬಂದ ಅಳತೆಯಲ್ಲಿ ಒಂದು ಕಡೆ ಒಂದೇ ಒಂದು ಅಕ್ಷರ ತಪ್ಪಿದೆ. ನಾನು ಹೊಲಿಯೋಳು, ನನಗೆ ತಕ್ಷಣ ಹೊಳೆಯಿತು. ಅಳತೆ ಬ್ಲೌಸಿನಲ್ಲೇ ತಪ್ಪಿದ್ದರೆ ಅದನ್ನಿಟ್ಟು ಕತ್ತರಿಸಿದ್ದೆಲ್ಲ ಅದೇ ಜಾಗದಲ್ಲಿ ತಪ್ಪುತ್ತೆ. ಆ ತಪ್ಪು ಅಂಗಾಲಿನ ಚರ್ಮವನ್ನು ದಪ್ಪ ಮಾಡಿದೆ, ಅನ್ನನಾಳದ ಒಳಪೊರೆಯನ್ನೂ ಬಲಹೀನ ಮಾಡಿದೆ. ಪ್ರತಿ ಮಗುವಿಗೂ ಬರಬಹುದು, ಬರದೇ ಇರಬಹುದು, ಎರಡಕ್ಕೂ ಸಂಭವ ಸಮ. ರೇವಂತನಿಗೆ ಬಂದಿಲ್ಲ. ಬಂದವರಿಗೆಲ್ಲ ಕ್ಯಾನ್ಸರು ಆಗೇ ಆಗುತ್ತೆ ಅಂತಲ್ಲ, ಆದರೆ ಬೇರೆಯವರಿಗಿಂತ ಸಂಭವ ಬಹಳ ಜಾಸ್ತಿ. ಹೊಗೆಸೊಪ್ಪು ಸೇರಿದರೆ ಇನ್ನೂ ಜಾಸ್ತಿ. ಅಪ್ಪನ ಹೊಗೆಸೊಪ್ಪಿನ ಬಗ್ಗೆ ನೀನು ಹೇಳಿದ್ದು ಪೂರ್ತಿ ತಪ್ಪಲ್ಲ, ಅರ್ಧ ಸರಿ. ಬೇಗ ಕಂಡರೆ ಉಳಿಯಬಹುದು. ನಮ್ಮ ಮನೆಯಲ್ಲಿ ಇದುವರೆಗೆ ಯಾರಿಗೂ ಬೇಗ ಕಂಡಿಲ್ಲ, ನೋಡಿದವರೇ ಇಲ್ಲ.

ಎಂಡೋಸ್ಕೋಪಿಯನ್ನೂ ಮೈಸೂರಿನಲ್ಲಿ ಮಾಡಿಸಿದೆ. ಗಂಟಲಿಗೆ ಔಷಧ ಹೊಡೆದು ಸಣ್ಣ ಕೊಳವೆ ಬಿಡುತ್ತಾರೆ, ಹೆದರೋ ಅಂಥದ್ದೇನಿಲ್ಲ. ನನಗೆ ಏನೂ ಇಲ್ಲ ಅಂದರು. ನೀನು ನನ್ನ ಬಗ್ಗೆ ಯೋಚನೆ ಮಾಡಬೇಡ. ಬಂದು ನೀನೂ ಮಾಡಿಸಿಕೋ.

ಸುಧಾಮಣಿ


ಗುಂಡ್ಲುಪೇಟೆ
10 ಆಗಸ್ಟ್ 2023

ಸುಧಾ,

ನೋಡ್ದಾ? ನಿಂಗೇ ಏನೂ ಇಲ್ವಂತೆ. ಪಾದ ನಿಂದೂ ಗಟ್ಟಿ, ನಂದೂ ಗಟ್ಟಿ. ನಿಂಗಿಲ್ದಿದ್ದು ನಂಗೆಲ್ಲಿಂದ ಬಂದದು. ನಿನ್ ಕಾಗ್ದ ಓದಿ ಎದೆ ಮೇಲಿದ್ ಕಲ್ಲು ಇಳ್ದಂಗಾಯ್ತು. ಇನ್ ಈ ವಿಚಾರ ಬುಟ್ಬುಡು.

ಸಂತೋಷದ ಸಮಾಚಾರ ಕೇಳು. ಸಂತೆಮರಹಳ್ಳಿಯೋರು ಬಂದು ಹುಡುಗಿ ನೋಡ್ಕಂಡ್ ಹೋದ್ರು, ಒಪ್ಕಂಡವ್ರೆ. ಕಾವ್ಯಂಗೆ ಸಾಕ್ಸು ಹಾಕ್ಸಿದ್ದೆ. ನೆಗಡಿ ಆಗದೆ ಅಂತ ಹೇಳ್ದೆ. ಆ ಸುಡ್ ಬಿಸ್ಲಲ್ಲಿ ಸಾಕ್ಸು ಹಾಕ್ಕಂಡು ಕಾಫಿ ತಂದ್ ಕೊಟ್ಲು. ಅವ್ಳು ನನ್ನ ಒಂದ್ ನೋಟ ನೋಡುದ್ಲು ಕಣಮ್ಮಿ, ಅದ್ ಏನ್ ನೋಟವೋ ನಂಗೊತ್ತಾಗ್ನಿಲ್ಲ. ಹೆಣ್ಮಕ್ಳಿಗೆ ಮದ್ವೆ ಅಂದ್ರೆ ಮನ್ಸು ಒಂಥರಾ ಆಯ್ತದೆ, ಅಷ್ಟೇಯ.

ಸೆಪ್ಟೆಂಬರ್ 3 ಭಾನುವಾರ ನಿಶ್ಚಿತಾರ್ಥ. ಓಣಂ ಹೂವಿನ ಲೋಡು ಅಷ್ಟೊತ್ಗೆ ಮುಗೀತದೆ. ಕೇರಳದ ವ್ಯಾಪಾರದೋರು ಈಗ್ಲೇ ತೋಟ್ದತ್ರ ಬಂದು ನಿಂತವ್ರೆ. ಎಲ್ರನೂ ಕರ್ಕಂಡು ಬಾ. ಆದ್ರೆ ಆ ಮಾತು ಎತ್ಬೇಡ.

ಶಿವಶಂಕರ


ಚಾಮರಾಜನಗರ
6 ಸೆಪ್ಟೆಂಬರ್ 2023

ಅಣ್ಣ,

ನಿಶ್ಚಿತಾರ್ಥ ಚೆನ್ನಾಗಿ ನಡೆಯಿತು. ನೀನು ಹೇಳಿದಂತೆ ನಾನು ಬಾಯಿ ಬಿಡಲಿಲ್ಲ. ಆದರೆ ಕಣ್ಣು ಮುಚ್ಚಿಕೊಂಡಿರಲಿಲ್ಲ.

ಪಂಕ್ತಿಯಲ್ಲಿ ನೀನು ಬೀಗರ ಪಕ್ಕ ಕೂತಿದ್ದೆ. ಎಲೆಗೆ ಬಿದ್ದ ಒಬ್ಬಟ್ಟನ್ನು ಮುರಿದು ಮುರಿದು ಅಲ್ಲೇ ಬಿಟ್ಟೆ. ಅನ್ನಕ್ಕೆ ಮಜ್ಜಿಗೆ ಸುರಿದು ನುರಿದು ನೀರಿನ ಹಾಗೆ ಮಾಡಿಕೊಂಡು ಒಂದೊಂದು ತುತ್ತಿಗೂ ಕತ್ತು ಮೇಲೆತ್ತಿದೆ. ಆಮೇಲೆ ಎದ್ದು ಹಿತ್ತಲಿಗೆ ಹೋದೆ. ಕೈ ತೊಳೆಯೋ ನೆಪದಲ್ಲಿ ನಾನೂ ಬಂದೆ, ನೀನು ನೋಡಲಿಲ್ಲ. ನೀನು ಗೋಡೆ ಹಿಡಿದು ನಿಂತು ತಿಂದದ್ದನ್ನೆಲ್ಲ ಹೊರಗೆ ಹಾಕುತ್ತಿದ್ದೆ. ಅಪ್ಪನನ್ನೇ ನೋಡಿದ ಹಾಗಾಯಿತು ನನಗೆ. ಗಂಜಿ, ಪಿತ್ತ ಅಂತ ನೀನು ಜೂನಿನಲ್ಲೇ ಬರೆದಿದ್ದೆ. ಅದನ್ನು ಓದಿಯೂ ನಾನು ಓದಲಿಲ್ಲ. ನೀನು ಹಟಕ್ಕೆ ಬೇಡ ಅನ್ನುತ್ತಿದ್ದೀಯ ಅಂದುಕೊಂಡಿದ್ದೆ. ಹೆದರಿಕೊಂಡಿದ್ದೀಯ ಅಂತ ತಿಳಿಯಲಿಲ್ಲ.

ಈಗ ನನ್ನದು ಕೇಳು. ಏನೂ ಇಲ್ಲ ಅಂದರು ಅಂತ ಬರೆದಿದ್ದು ಸುಳ್ಳು. ಒಂದು ಮಚ್ಚೆ ಇತ್ತು. ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು. ನನಗೆ ನುಂಗೋಕೆ ಯಾವ ತೊಂದರೆಯೂ ಇರಲಿಲ್ಲ, ಒಂದು ದಿನವೂ ಗಂಟಲು ಹಿಡಿದಿರಲಿಲ್ಲ. ಹಾಗೇ ಬಿಟ್ಟಿದ್ದರೆ ಇನ್ನು ಎರಡು ಮೂರು ವರ್ಷಕ್ಕೆ ನಾನೂ ಹಿತ್ತಲ ಗೋಡೆ ಹಿಡಿದು ನಿಲ್ಲುತ್ತಿದ್ದೆ. ಕೊಳವೆಯ ಮೂಲಕವೇ ಅದನ್ನು ಸುಲಿದು ತೆಗೆದುಬಿಟ್ಟರು. ಮೈಮೇಲೆ ಒಂದು ಹೊಲಿಗೆಯೂ ಬಿದ್ದಿಲ್ಲ. ಆ ವಾರವೇ ಅಂಗಡಿ ಬಾಗಿಲು ತೆಗೆದೆ. ಕ್ಯಾನ್ಸರಿನ ಮೊದಲ ಮೆಟ್ಟಿಲು ಅದು, ಪೂರ್ತಿ ತೆಗೆದಾಗಿದೆ ಅಂದರು.

ನಿನ್ನನ್ನು ಹೆದರಿಸಬಾರದು ಅಂತ ಮುಚ್ಚಿಟ್ಟೆ. ನೀನು ಅದನ್ನೇ ಹಿಡಿದು ನಿಶ್ಚಿಂತೆಯಾಗಿ ಕೂತೆ. ಇಬ್ಬರೂ ಒಬ್ಬರಿಗೊಬ್ಬರು ಒಳ್ಳೆಯದು ಮಾಡಲು ಹೋಗಿ ಮೂರು ತಿಂಗಳು ಕಳೆದೆವು. ಇನ್ನು ಸಾಕು. ಹೊರಡು.

ಸುಧಾ


ಗುಂಡ್ಲುಪೇಟೆ
14 ಸೆಪ್ಟೆಂಬರ್ 2023

ನನ್ನವ್ವ ಸುಧಾ,

ನಿನ್ ಕಾಗ್ದ ತೋಟದ್ ಮನೇಲಿ ಕೂತ್ಕಂಡ್ ಓದ್ದೆ. ನಿಂಗೆ ಅದು ಬಂದಿತ್ತು ಅಂತ ಓದಿ ಕಾಗ್ದ ಕೆಳಗಿಟ್ಬುಟ್ಟೆ. ತೆಗ್ದುಬುಟ್ರು ಅನ್ನೋದ್ನ ನಾಕೈದ್ ಸಾರಿ ಓದ್ಕಂಡೆ.

ನಂಗೆ ಯುಗಾದಿಯಿಂದ ಹಿಡೀತಾದೆ. ಒಬ್ಬಟ್ಟು ಎದೇಲಿ ನಿಂತ್ಕತು. ಅವತ್ತೇ ಗೊತ್ತಾಯ್ತು ನಂಗೆ. ಅಪ್ಪನ್ ಬಾಯಿಗೆ ಹತ್ತಿ ಅದ್ದಿ ನೀರ್ ಬುಟ್ಟೋನು ನಾನು ತಾನೇ, ನಂಗೊತ್ತಾಗಲ್ವಾ? ನಿಮ್ಮತ್ತಿಗೆಗೆ ಹೇಳಿಲ್ಲ. ನೀನು ಮೊದ್ಲು ಫೋನ್ ಮಾಡಿ ಪಾದ, ಗಂಟ್ಲು ಅಂದಾಗ ಯಾರೋ ನನ್ನೊಳಗ್ ಇಣುಕಿ ನೋಡ್ದಂಗಾಯ್ತು. ಅದುಕ್ಕೇ ಇಟ್ಬುಟ್ಟೆ.

ಆದ್ರೆ ಈಗ ಬರಕ್ಕಾಗಲ್ಲ ಕಣಮ್ಮಿ. ಕಾರ್ತೀಕದಲ್ಲಿ ಮದ್ವೆ. ನಾನು ಆಸ್ಪತ್ರೆ ಸೇರ್ದೆ ಅಂದ್ರೆ ಯಾಕೆ ಅಂತಾರೆ. ಅಪ್ಪಂಗೂ ಇದೇ ಅಂತೆ, ಅಜ್ಜೀಗೂ ಇದೇ ಅಂತೆ ಅಂತಾರೆ. ಕಾವ್ಯನ ಪಾದ ನೋಡ್ತಾರೆ. ಅವ್ಳು ಗಂಡನ ಮನೆ ಸೇರ್ಕಳ್ಳಿ, ಆಮೇಲೆ ನೀನ್ ಹೇಳ್ದಲ್ಲಿಗೆ ಬತ್ತೀನಿ. ಅಲ್ಲೀಗಂಟ ಗಂಜಿ ಇಳೀತದೆ. ನನ್ ಮೇಲಾಣೆ, ಯಾರ್ಗೂ ಹೇಳ್ಬೇಡ.

ಶಿವಶಂಕರ


ಚಾಮರಾಜನಗರ
18 ಸೆಪ್ಟೆಂಬರ್ 2023

ಅಣ್ಣ,

ಕಾರ್ತೀಕ ಬರೋವರೆಗೆ ಅದು ಕಾಯುತ್ತಾ? ಅಪ್ಪನಿಗೆ ಕಾದಿತ್ತಾ?

ಡಾ. ಭಾನು ಹತ್ತಿರ ಹೆಸರು ಹೇಳದೆ ಕೇಳಿದೆ. ಅನ್ನ ಇಳಿಯುತ್ತಿಲ್ಲ ಅಂದರೆ ಒಂದು ವಾರವೂ ತಡ ಮಾಡಬಾರದು ಅಂದರು. ಮದುವೆಗೆ ಮುಹೂರ್ತ ಇನ್ನೊಂದು ಸಿಗುತ್ತೆ. ಕಾವ್ಯ ಧಾರೆಗೆ ನಿಂತಾಗ ಪಕ್ಕದಲ್ಲಿ ನೀನಿರಬೇಕು. ಅವಳ ಹತ್ತಿರ ಒಂದು ಮಾತು ಕೇಳಿದ್ದೀಯಾ? ಅವಳಿಗೆ ಇಪ್ಪತ್ತನಾಲ್ಕು ವರ್ಷ, ಪಾದ ಅವಳದು.

ನೀನು ಆಣೆ ಹಾಕಿದ್ದಕ್ಕೆ ಸುಮ್ಮನಿದ್ದೇನೆ. ಬೇಗ ಉತ್ತರ ಬರೆ.

ಸುಧಾ


ಚಾಮರಾಜನಗರ
3 ಅಕ್ಟೋಬರ್ 2023

ಅಣ್ಣ,

ಉತ್ತರ ಬಂದಿಲ್ಲ. ಫೋನು ಸ್ವಿಚ್ ಆಫ್ ಬರುತ್ತಿದೆ. ಅತ್ತಿಗೆ ಎತ್ತಿದರೂ "ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತಾರೆ. ಭಾನುವಾರದೊಳಗೆ ಏನೂ ತಿಳಿಯದಿದ್ದರೆ ಆಣೆ ಮುರಿದು ಗುಂಡ್ಲುಪೇಟೆ ಬಸ್ಸು ಹತ್ತುತ್ತೇನೆ. ನನ್ನ ಮೇಲೆ ಕೋಪ ಮಾಡಿಕೊಂಡರೂ ಸರಿ, ನೀನು ಬದುಕಿದ್ದು ಕೋಪ ಮಾಡಿಕೋ.

ಸುಧಾ


ಮೈಸೂರು
6 ಅಕ್ಟೋಬರ್ 2023

ಸುಧಾ,

ಬಸ್ಸು ಹತ್ತು, ಆದ್ರೆ ಗುಂಡ್ಲುಪೇಟೆಗಲ್ಲ, ಮೈಸೂರಿಗೆ. ನಾನು ಆಸ್ಪತ್ರೇಲಿದೀನಿ. ನಿಮ್ಮತ್ತಿಗೆ ಜೊತೇಲವ್ಳೆ. ಗಾಬ್ರಿ ಬೀಳ್ಬೇಡ, ಹೆಂಗ್ ಬಂದೆ ಅಂತ ಹೇಳ್ತೀನಿ.

ನೀನು ಬರ್ದಂಗೆ ಕಾವ್ಯನ್ನ ನಾನೊಂದ್ ಮಾತು ಕೇಳ್ಳಿಲ್ಲ. ಅವ್ಳೂ ನನ್ನ ಕೇಳ್ಳಿಲ್ಲ. ನಾನು ಹಿತ್ಲಲ್ಲಿ ಮಾಡ್ತಿದ್ದುದ್ನ ಅವ್ಳು ಎಷ್ಟ್ ದಿನದಿಂದ ನೋಡ್ತಿದ್ಲೋ, ನಿನ್ ಕಾಗ್ದಗಳ್ನೂ ಓದ್ಬುಟ್ಟಿದ್ಲು. ಸ್ಕೂಲಿಗೆ ಪಾಠ ಮಾಡಕ್ಕೆ ಹೋಗ್ತೀನಿ ಅಂತ ಹೋದೋಳು ಬಸ್ ಹತ್ತಿ ಸಂತೆಮರಹಳ್ಳಿಗೆ ಹೋಗವ್ಳೆ. ದಿಲೀಪನ ಗೊಬ್ಬರದ ಅಂಗಡೀಗೆ. ಚಪ್ಲಿ ಸಾಕ್ಸು ಬಿಚ್ಚಿ ಪಾದ ತೋರ್ಸಿ, "ಇದು ನಮ್ಮಪ್ಪಂಗೂ ಅದೆ, ನಮ್ ತಾತನೂ ಇದ್ರಿಂದಾನೇ ಹೋಗಿದ್ದು, ನಮ್ಮಪ್ಪಂಗೆ ಈಗ ಊಟ ಇಳೀತಿಲ್ಲ. ನಿಮ್ಮಿಂದಾಗಿ ಅವ್ರು ಆಸ್ಪತ್ರೆಗೆ ಹೋಗ್ತಿಲ್ಲ. ನೀವು ಬೇಡ ಅಂದ್ಬುಟ್ರೆ ಅವ್ರು ಇವತ್ತೇ ಹೋಗ್ತಾರೆ" ಅಂದ್ಲಂತೆ.

ಮದ್ವೆ ಮುರ್ಕಳಕ್ಕೇ ಹೋಗಿದ್ಲು ಕಣಮ್ಮಿ ನನ್ ಮಗ್ಳು. ನನ್ ಸಲುವಾಗಿ.

ಮಾರನೆ ದಿನ ಬೆಳಿಗ್ಗೆ ನಾನು ತೋಟದಲ್ಲಿದ್ದೆ. ಒಂದ್ ಕಾರು ಬಂದು ನಿಂತ್ಕತು. ದಿಲೀಪ, ಅವರಪ್ಪ ಪುಟ್ಟಮಲ್ಲಪ್ಪನೋರು. ಮುಗೀತು ಅನ್ಕಂಡೆ. ಟವೆಲ್ಲು ಹೆಗಲಿಂದ ತೆಗ್ದು ಕೈಯಲ್ಲಿ ಹಿಡ್ಕಂಡು ನಿಂತೆ. ದಿಲೀಪ ಬಂದೋನೆ, "ಮಾವ, ಬಟ್ಟೆ ಹಾಕ್ಕಂಡ್ ಬನ್ನಿ, ಮೈಸೂರಿಗೆ ಹೋಗನ" ಅಂದ.

"ಏನಪ್ಪ ಹಿಂಗಂದ್ರೆ" ಅಂದೆ.

"ನಿನ್ನೆ ಕಾವ್ಯ ಎಲ್ಲ ಹೇಳುದ್ರು. ಡಾಕ್ಟ್ರತ್ರ ಟೈಮ್ ತಗಂಡಿದೀನಿ."

ನಾನು ಪುಟ್ಟಮಲ್ಲಪ್ಪನೋರ ಮುಖ ನೋಡ್ದೆ. ಅವ್ರು ತೋಟದ್ ಬದಿನ್ ಮೇಲೆ ಕೂತ್ಕಂಡು ಬೆವರು ಒರ್ಸ್ಕತಾ ಏನಂದ್ರು ಗೊತ್ತಾ? "ಬೀಗ್ರೇ, ನಮ್ಮನೇಲಿ ನಮ್ಮಪ್ಪಂಗೆ ಸಕ್ರೆ ಕಾಯ್ಲೆ, ನಂಗೂ ಸಕ್ರೆ ಕಾಯ್ಲೆ, ನಮ್ಮಣ್ಣ ಅದ್ರಲ್ಲೇ ಒಂದ್ ಕಾಲು ಕಳ್ಕಂಡ. ನಾವದ್ನ ನಿಮ್ಗೆ ಹೇಳ್ದೋ? ನೀವು ಹುಡ್ಗೀಗೆ ಸಾಕ್ಸು ಹಾಕ್ಸಿದ್ರಿ, ನಾನು ಮಾತ್ರೆ ಡಬ್ಬಿ ಕಾರಲ್ಲಿ ಬುಟ್ಟು ಒಳಗ್ ಬಂದಿದ್ದೆ. ಹೊರಡಿ ಈಗ."

ಸುಧಾ, ಅಪ್ಪ ಹೋದಾಗ್ಲೂ ನಾನು ಜನರ ಮುಂದೆ ಅತ್ತಿರ್ನಿಲ್ಲ. ಅವತ್ತು ಬದಿನ್ ಮೇಲೆ ಅವರ ಪಕ್ಕ ಕೂತು ಅತ್ಬುಟ್ಟೆ.

ಗಡ್ಡೆ ಅದೆ. ನಿನ್ ಮಚ್ಚೆಯಂಗೆ ಚಿಕ್ಕದಲ್ಲ. ಬೇರೆ ಕಡೆ ಹಬ್ಬಿಲ್ಲ ಅಂದವ್ರೆ. ಮೊದ್ಲು ಕೀಮೋ, ಕರೆಂಟು ಅಂತಾರಲ್ಲ ಆ ರೇಡಿಯೇಷನ್ನು, ಆಮೇಲೆ ಆಪರೇಷನ್ನು. ಇನ್ನು ಸ್ವಲ್ಪ ದಿನ ತಡ ಆಗಿದ್ರೆ ಕೈಗೆ ಸಿಗ್ತಿರ್ನಿಲ್ವಂತೆ. ಬರೋವಾಗ ರೇವಂತನ ಹಳೇ ಸ್ವೆಟ್ರು ತಗಂಬಾ, ಇಲ್ಲಿ ಚಳಿ.

ಅಣ್ಣ


ಗುಂಡ್ಲುಪೇಟೆ
20 ಫೆಬ್ರವರಿ 2024

ಸುಧಾ,

ನೀನು ಆಸ್ಪತ್ರೆಯಿಂದ ಹೊರಟ್ಮೇಲೆ ಬರೀತಿರೋ ಮೊದ್ಲನೇ ಕಾಗ್ದ. ಫೋನ್ ಮಾಡ್ತಿದ್ದೆ, ಆದ್ರೆ ಆಪರೇಷನ್ನಲ್ಲಿ ಧ್ವನಿ ನರಕ್ಕೆ ಪೆಟ್ಟಾಗಿ ನನ್ ಮಾತು ಎದುರಿಗಿರೋರ್ಗೇ ಕೇಳಲ್ಲ. ಮೊನ್ನೆ ತೋಟದಲ್ಲಿ ದನ ನುಗ್ತು ಅಂತ ಕೂಗುದ್ರೆ ಪುಸ್ ಅಂತ ಗಾಳಿ ಬಂತು. ದನ ಆರಾಮಾಗಿ ಮೇಯ್ತಾ ನಿಂತಿತ್ತು. ನಿಮ್ಮತ್ತಿಗೆ ನಕ್ಕು ನಕ್ಕು ಸಾಕಾದ್ಲು. ಎಷ್ಟ್ ತಿಂಗಳಾಗಿತ್ತು ಅವ್ಳು ನಕ್ಕು.

ಕೆಟ್ಟಿದ್ ಅನ್ನನಾಳ ತೆಗ್ದು ಹೊಟ್ಟೇನೇ ಕೊಳ್ವೆ ಮಾಡಿ ಮೇಲಕ್ಕೆಳ್ದು ಹೊಲ್ದವ್ರೆ. ನೀನು ಹೊಲಿಯೋಳು, ಅದ್ ಹೆಂಗ್ ಹೊಲ್ದರು ಅಂತ ಡಾಕ್ಟ್ರನ್ನ ಕೇಳಿ ಕೇಳಿ ತಲೆ ತಿಂದಿದ್ದೆ. ಆ ಹೊಲ್ಗೆ ನಿಂತದೆ. ಒಂದೇ ಸಾರಿಗೆ ಜಾಸ್ತಿ ತಿನ್ನಂಗಿಲ್ಲ, ಇಷ್ಟಿಷ್ಟೇ, ಊಟ ಆದ್ಮೇಲೆ ಮಲಗಂಗಿಲ್ಲ. ನಿನ್ನೆ ಇಡ್ಲಿ ತಿಂದೆ. ಇಡೀ ಇಡ್ಲಿ. ಕೆಳಗಿಳೀತು. ಬಾಗ್ಲಲ್ಲಿ ನಿಂತು ನೋಡ್ತಿದ್ದ ಕಾವ್ಯ ಒಳಕ್ ಓಡೋದ್ಲು.

ತೆಗ್ದ ಗಡ್ಡೆ ಪರೀಕ್ಷೆಗೆ ಕಳ್ಸಿದ್ರಲ್ಲ, ರಿಪೋರ್ಟು ಬಂತು. ಅಂಚಲ್ಲಿ ಎಲ್ಲೂ ಉಳಿದಿಲ್ವಂತೆ. ಸುತ್ತಿದ್ ಗಂಟುಗಳಿಗೂ ಹಬ್ಬಿಲ್ವಂತೆ. ನಾನು ಹೊಗೆಸೊಪ್ಪು ಅಪ್ಪ ಹೋದಾಗ್ಲೇ ಬುಟ್ಟಿದ್ದು ಒಳ್ಳೇದಾಯ್ತು ಅಂದ್ರು.

ಏಪ್ರಿಲ್ 21ಕ್ಕೆ ಮದ್ವೆ. ಪುಟ್ಟಮಲ್ಲಪ್ಪನೋರೇ ಬಂದು ಮುಹೂರ್ತ ಇಡ್ಸ್ಕಂಡ್ ಹೋದ್ರು. ನಾನೊಂದ್ ತೀರ್ಮಾನ ಮಾಡಿದೀನಿ, ಬೇಡ ಅನ್ಬೇಡ. ಮದ್ವೇಗೆ ದೊಡ್ಡಪ್ಪನ ಮಕ್ಳು, ಚಂದಕವಾಡಿ ಅತ್ತೆ ಮಕ್ಳು ಮೊಮ್ಮಕ್ಳು, ಎಲ್ಲ ಬತ್ತರೆ. ಅಷ್ಟೂ ಜನ ಒಂದ್ಕಡೆ ಇನ್ ಯಾವಾಗ ಸೇರಾರು? ಧಾರೆ ಆದ್ಮೇಲೆ ನಾನು ಮೈಕ್ ತಗತೀನಿ.

ಅಣ್ಣ


ಚಾಮರಾಜನಗರ
24 ಏಪ್ರಿಲ್ 2024

ಪ್ರೀತಿಯ ಅಣ್ಣ,

ಮದುವೆ ದಣಿವು ಇಳಿಯಿತಾ? ನೀನು ಮುಂದೆ ನಿಂತು ಮಾತಾಡಿದೆ, ಹಿಂದೆ ಹೆಂಗಸರ ಕಡೆ ಏನಾಯಿತು ಅಂತ ನಿನಗೆ ಗೊತ್ತಿಲ್ಲ. ಅದನ್ನು ಹೇಳೋಕೆ ಬರೆಯುತ್ತಿದ್ದೇನೆ.

ನೀನು ಮೈಕು ತಗೊಂಡಾಗ ಎಲ್ಲರೂ ಬೀಗರಿಗೆ ವಂದನೆ ಹೇಳುತ್ತಾನೆ ಅಂದುಕೊಂಡರು. ನಿನ್ನ ಧ್ವನಿ ಮೈಕಿನಲ್ಲೂ ಅಷ್ಟೇ ಸಣ್ಣಗೆ ಬಂತು. ಅದಕ್ಕೇ ಛತ್ರವೆಲ್ಲ ಸುಮ್ಮನಾಯಿತು. ಜೋರಾಗಿ ಮಾತಾಡಿದ್ದರೆ ಅಷ್ಟು ಯಾರೂ ಕೇಳುತ್ತಿರಲಿಲ್ಲ. "ನಾನು ಇಲ್ಲಿ ನಿಂತಿರೋದು ಈ ಹುಡ್ಗಿಯಿಂದ, ಈ ಅಳಿಯನಿಂದ. ನಮ್ಮಪ್ಪ ಬರೀ ಹೊಗೆಸೊಪ್ಪಿಂದ ಸಾಯ್ನಿಲ್ಲ, ನಮ್ಮಜ್ಜಿ ಮಾಟದಿಂದ ಸಾಯ್ನಿಲ್ಲ. ನಮ್ ಮನೆತನದೋರು ಯಾರ್ಯಾರ್ಗೆ ಅಂಗಾಲು ಗಟ್ಟಿ ಅದೆಯೋ ಅವ್ರು ನನ್ನತ್ರ ಬಂದ್ ಹೆಸ್ರು ಹೇಳಿ, ನಾಚ್ಕೆ ಬೇಡ" ಅಂದೆಯಲ್ಲ, ಆಗ ನನ್ನ ಪಕ್ಕ ಕೂತಿದ್ದ ಶಿವರಾಮಣ್ಣನ ಹೆಂಡತಿ ಗಂಡನನ್ನು ಹುಡುಕಿಕೊಂಡು ಎದ್ದುಹೋದಳು. ಹೌದು, ದೊಡ್ಡಪ್ಪನ ಮಗ ಶಿವರಾಮು. ಅವನ ಪಾದ ಹೇಗಿದೆ ಅಂತ ನಮ್ಮೆಲ್ಲರಿಗೂ ಗೊತ್ತು.

ಚಿಕ್ಕಮಲ್ಲಮ್ಮತ್ತೆ ಮಾತ್ರ ಅಲ್ಲೇ ಜಮಖಾನದ ಮೇಲೆ ಕಾಲು ಚಾಚಿ ಸೊಸೆಯರಿಗೆ ಹೇಳುತ್ತಿದ್ದಳು: "ನೋಡ್ರವ್ವ, ನಂದೂ ಗಟ್ಟಿ. ನಾನೂ ಬತ್ತೀನಿ. ನನ್ ಗಂಟ್ಲೊಳಗೆ ಏನದೆ ಅಂತ ನಾನೂ ನೋಡ್ಬೇಕು." ಎಪ್ಪತ್ತು ದಾಟಿದೋಳು. ಅವಳು ಕಾಲು ಚಾಚಿದ ಮೇಲೆ ಚಿಕ್ಕ ಹುಡುಗಿಯರೂ ಬಂದು ಪಕ್ಕದಲ್ಲಿ ಕಾಲು ಚಾಚಿದರು. ಕಾವ್ಯ ಧಾರೆ ಸೀರೆಯಲ್ಲೇ ಬಂದು ಅವರ ನಡುವೆ ಕೂತಳು. ಬರಿಗಾಲಲ್ಲಿ, ಕಾಲುಂಗುರ ಹಾಕಿಕೊಂಡು. ಆ ಪಾದದಲ್ಲಿ ಕಾಲುಂಗುರ ಎಷ್ಟು ಚೆನ್ನಾಗಿ ಕಾಣುತ್ತಿತ್ತು ಅಣ್ಣ. ದಿಲೀಪ ದೂರದಿಂದ ಅದನ್ನು ನೋಡಿ ನಗುತ್ತಿದ್ದ.

ಡಾ. ಭಾನು ಹತ್ತಿರ ಮಾತಾಡಿದ್ದೇನೆ. ಎಲ್ಲರ ರಕ್ತ ಪರೀಕ್ಷೆ ಮಾಡಿಸಿ, ಬಂದಿರುವವರಿಗೆಲ್ಲ ಒಂದೇ ದಿನ ಮೈಸೂರಿನಲ್ಲಿ ಎಂಡೋಸ್ಕೋಪಿ ಮಾಡುವ ಹಾಗೆ ಕೇಳಿಕೊಳ್ಳುತ್ತಾರಂತೆ. ರಕ್ತದ ರಿಪೋರ್ಟು ಎಲ್ಲ ಬರೋಕೆ ಸಮಯ ಹಿಡಿಯುತ್ತೆ.

ನನಗೂ ಮೊನ್ನೆ ಮತ್ತೆ ಕೊಳವೆ ಬಿಟ್ಟು ನೋಡಿದರು. ಎಲ್ಲ ಶುಭ್ರವಾಗಿದೆ. ಈ ಸಾರಿ ಸುಳ್ಳಲ್ಲ.

ನಿನ್ನ ಸುಧಾ


ಗುಂಡ್ಲುಪೇಟೆ
27 ಜನವರಿ 2025

ಸುಧಾ,

ನಿನ್ ನಾದಿನಿ ಮನೆ ಗೃಹಪ್ರವೇಶ ನಾವೆಲ್ಲ ಎಂಡೋಸ್ಕೋಪಿಗೆ ಮೈಸೂರಿಗೆ ಹೊರಟ್ ದಿನವೇ ಬಂತಲ್ಲ ಅಂತ ಎಲ್ರೂ ಬೇಜಾರ್ ಮಾಡ್ಕಂಡ್ರು. ಬಸ್ಸಲ್ಲಿ ನಿನ್ ಹೆಸ್ರು ಹೇಳ್ದೆ ಇದ್ದೋರೇ ಇಲ್ಲ. ನಡ್ದಿದ್ದೆಲ್ಲ ಬರೀತೀನಿ, ಫೋನಲ್ಲಿ ನನ್ ಧ್ವನಿಗೆ ಇಷ್ಟೆಲ್ಲ ಹೇಳಕ್ಕಾಗಲ್ಲ.

ಬಸ್ಸು ಚಂದಕವಾಡಿಯಿಂದ ಹೊರಟು ಚಾಮರಾಜನಗರದಲ್ಲಿ ಜನ ಹತ್ತುಸ್ಕಂಡು ಬಂತು. ನಾವು ಗುಂಡ್ಲುಪೇಟೆಯಿಂದ ಹೋಗಿ ನಂಜನಗೂಡಲ್ಲಿ ಹತ್ಕಂಡೋ. ಯಾರೂ ಏನೂ ತಿನ್ನಂಗಿಲ್ಲ, ನೀರೂ ಕುಡಿಯಂಗಿಲ್ಲ. ಹೊಟ್ಟೆ ಹಸ್ದು ಚಿಕ್ಕೋರೆಲ್ಲ ಮುಖ ಊದುಸ್ಕಂಡಿದ್ರು. ಅತ್ತೆ ಮಾತ್ರ ಜಾಗರಣೆ ಮಾಡ್ದಂಗೆ ಹಾಡೇಳ್ತಾ ಕೂತಿದ್ಲು.

ಆಸ್ಪತ್ರೇಲಿ ಒಬ್ಬೊಬ್ರನ್ನೇ ಒಳಕ್ಕೆ ಕರೀತಿದ್ರು. ನಾನು ಬಾಗ್ಲಲ್ಲಿ ನಿಂತಿದ್ದೆ. ಒಳಗೋಗೋರ ಕೈ ಹಿಡ್ಕಳದು, ಹೊರಗ್ ಬಂದೋರ್ನ ಕೂರ್ಸದು, ಅದೇ ನನ್ ಕೆಲ್ಸ. ನಂದು ಹೋದ್ ವಾರವೇ ಆಗಿತ್ತು, ಆಪರೇಷನ್ ಆಗಿ ವರ್ಷ ಆಯ್ತಲ್ಲ, ಸ್ಕ್ಯಾನು, ಎಂಡೋಸ್ಕೋಪಿ ಎರಡ್ರಲ್ಲೂ ಏನೂ ಇಲ್ಲ. ಡಾಕ್ಟ್ರು ಬೆನ್ ತಟ್ಟಿ ಕಳ್ಸಿದ್ರು.

ಕಾವ್ಯಂಗೆ ಏನೂ ಇಲ್ಲ. ರಕ್ತದಲ್ಲಿ ಅದೆ, ಒಳಗೆ ಇನ್ನೂ ಏನೂ ಇಲ್ಲ. ಹೊರಗ್ ಬಂದು ದಿಲೀಪನ್ನ ನೋಡಿ ಹೆಬ್ಬೆರಳೆತ್ತಿ ತೋರ್ಸುದ್ಲು. ಬರೋ ವರ್ಷದ ಡೇಟು ಅವ್ನು ಆಗ್ಲೇ ಫೋನಲ್ಲಿ ಹಾಕ್ಕಂಡ.

ಶಿವರಾಮುಂಗೆ ಸಿಕ್ತು. ಹೊರಗ್ ಬಂದಾಗ ಮುಖ ಬಿಳಿಚ್ಕಂಡಿತ್ತು. "ಮಚ್ಚೆ ಅದಂತೆ ಕಣ್ಲಾ ಶಂಕ್ರ" ಅಂದ. ನಾನು ಡಾಕ್ಟ್ರತ್ರ ಓಡೋದೆ. ನಿಮ್ ತಂಗೀಗೆ ಆಗಿತ್ತಲ್ಲ ಅಷ್ಟೇ, ಮುಂದಿನ್ ವಾರ ಬಂದ್ರೆ ಕೊಳ್ವೇಲೇ ತೆಗ್ದುಬುಡ್ತೀವಿ, ಅಂದ್ರು. ಬಂದು ಅವ್ನನ್ನ ತಬ್ಕಂಡು ಹೇಳ್ದೆ. ಕೇಳುಸ್ಕಂಡು ಬೆಂಚ್ ಮೇಲೆ ಕೂತು, "ನಮ್ಮಪ್ಪ ಇದೇ ವಯಸ್ಸಲ್ಲಿ ಹೋಗಿದ್ದು" ಅಂದ. "ನೀನ್ ಹೋಗಲ್ಲ ಬುಡು" ಅಂದೆ. ಹಿಂಗೆ ಯಾರ್ಗಾದ್ರೂ ಧೈರ್ಯವಾಗಿ ಹೇಳಕ್ಕಾಯ್ತದೆ ಅಂತ ನಾನು ಜೀವ್ಮಾನದಲ್ಲಿ ಅನ್ಕಂಡಿರ್ನಿಲ್ಲ.

ಉಳಿದೋರೆಲ್ಲ ಶುದ್ಧ. ಅತ್ತೆಯಂತೂ ಗೆದ್ದ ಪೈಲ್ವಾನನಂಗೆ ಹೊರಗ್ ಬಂದ್ಲು. ಅಷ್ಟ್ ಗಟ್ಟಿ ಪಾದ, ಅಷ್ಟ್ ವಯಸ್ಸು, ಗಂಟ್ಲೊಳಗೆ ಒಂದ್ ಗೀರಿಲ್ಲ. ಯಾಕೆ ಅಂತ ಡಾಕ್ಟ್ರಿಗೂ ಗೊತ್ತಿಲ್ವಂತೆ. ಎಲ್ರಿಗೂ ಬಂದೇ ಬತ್ತದೆ ಅಂತೇನಿಲ್ಲ ಅನ್ನೋದ್ಕೆ ಇವ್ರೇ ಸಾಕ್ಷಿ ಅಂದ್ರು. ಅದ್ನ ಕೇಳುಸ್ಕಂಡು ಇನ್ನಷ್ಟು ಬೀಗುದ್ಲು.

ಬರೋವಾಗ ನಂಜನಗೂಡಲ್ಲಿ ಬಸ್ಸು ನಿಲ್ಸಿ ಒಂದ್ ಹೋಟ್ಲಿಗೆ ನುಗ್ದೋ. ಬೆಳಿಗ್ಗೆಯಿಂದ ಉಪವಾಸ ಇದ್ದೋರು, ದೋಸೆ, ಪೂರಿ, ಪಲಾವು, ಕೇಸರಿಬಾತು, ಕಂಡಿದ್ದೆಲ್ಲ ತರ್ಸ್ತಾ ಕೂತ್ರು. ಒಬ್ರ ಎಲೆಗೆ ಇನ್ನೊಬ್ರು ಕೈ ಹಾಕ್ತವ್ರೆ, ನಗ್ತವ್ರೆ, ಶಿವರಾಮು ಎರಡ್ನೇ ದೋಸೆ ಹೇಳ್ತವ್ನೆ. ಬಡಿಸೋರು ಓಡಾಡಿ ಓಡಾಡಿ ಸುಸ್ತಾದ್ರು. ಹೋಟ್ಲು ಯಜಮಾನ ಗಲ್ಲಾದಿಂದ ಎದ್ದು ಬಂದು ಅತ್ತೇನ ಕೇಳ್ದ: "ಏನವ್ವ, ಮದ್ವೆ ಮುಗುಸ್ಕಂಡು ಬತ್ತಿದ್ದೀರಾ? ಇಲ್ಲ ಯಾರಾದ್ರೂ ತೀರೋಗಿ ಆರಾಧನೆ ಗೀರಾಧನೆಯಾ?"

ಅತ್ತೆ ಬಾಯಲ್ಲಿದ್ದುದ್ನ ನಿಧಾನುಕ್ಕೆ ನುಂಗಿ, ನೀರು ಕುಡ್ದು, ಸೆರಗಲ್ಲಿ ಬಾಯೊರ್ಸ್ಕಂಡು ಹೇಳುದ್ಲು:

"ಯಾರೂ ಸಾಯ್ನಿಲ್ಲ ಕಣಪ್ಪ ನಮ್ಮನೇಲಿ. ಅದುಕ್ಕೇಯ ಊಟ. ಇನ್ನೊಂದೀಟು ಕೇಸ್ರಿಬಾತು ತರ್ಸು."

ಅಣ್ಣ ಶಿವಶಂಕರ